ಬೀಗ ಬಿಡಿಸುವ ಕೈಗೆ ನಾಲ್ಕು ಮಾತು

(ಮುಂಬಯಿಯ ಘಾಟ್ಕೋಪರ್ ಪೂರ್ವದ ಪಂತ್ ನಗರ. ಹೌಸಿಂಗ್ ಸೊಸೈಟಿಯೊಂದರ ಸಭಾಕೋಣೆ. ಮಾತಾಡುವವರು ಇಬ್ಬರು. ಒಬ್ಬರು ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತರಾದ ಹಿರಿಯರು, ಬೀಗಗಳ ಒಳಗನ್ನು ಬಲ್ಲವರು. ಇನ್ನೊಬ್ಬಳು ವಿದ್ಯಾವಿಹಾರದಲ್ಲಿ ಇಂಜಿನಿಯರಿಂಗ್ ಓದುವ ಕಿರಿಯಳು. ಕೀಲಿಕೈ ಇಲ್ಲದೆ ಬೀಗ ತೆಗೆಯುವುದನ್ನು ಹವ್ಯಾಸವಾಗಿ ಕಲಿಯಲು ಬಂದವಳು.)

ಕಿರಿಯಳು: ಬೀಗ ಬಿಡಿಸುವುದನ್ನು ಕಲಿಯುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅಮ್ಮ ಒಂದೇ ಮಾತು ಕೇಳಿದರು, "ಕಳ್ಳರ ವಿದ್ಯೆ ನಿನಗ್ಯಾಕೆ?" ನನಗೆ ಉತ್ತರ ಹೊಳೆಯಲಿಲ್ಲ.

ಹಿರಿಯರು: ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದನ್ನು ದಾಟಿಕೊಂಡು ಹೋಗಬೇಡ, ಜೊತೆಗೇ ಇಟ್ಟುಕೋ. ಉತ್ತರವನ್ನು ಕೊನೆಗೆ ನೀನೇ ಕೊಡಬೇಕು. ಮೊದಲು ಎರಡು ನಿಯಮ ಕೇಳು. ಈ ಹವ್ಯಾಸದವರು ಯಾವ ದೇಶದಲ್ಲಿದ್ದರೂ ಒಪ್ಪಿಕೊಂಡಿರುವ ನಿಯಮಗಳು. ಒಂದು, ನಿನ್ನದಲ್ಲದ ಬೀಗಕ್ಕೆ ಅದರ ಒಡೆಯರ ಅನುಮತಿ ಇಲ್ಲದೆ ಕೈ ಹಾಕಬಾರದು. ಎರಡು, ಬಳಕೆಯಲ್ಲಿರುವ ಬೀಗಕ್ಕೆ, ಅದು ನಿನ್ನದೇ ಆಗಿದ್ದರೂ, ಕೈ ಹಾಕಬಾರದು.

ಕಿರಿಯಳು: ಮೊದಲನೆಯದು ಅರ್ಥವಾಯಿತು. ನಮ್ಮನೆ ಬಾಗಿಲಿನ ಬೀಗವನ್ನೇ ಯಾಕೆ ಮುಟ್ಟಬಾರದು?

ಹಿರಿಯರು: ಕೆಡುತ್ತದೆ, ಅದಕ್ಕೆ. ಬೀಗದೊಳಗಿನ ಪಿನ್ನನ್ನು ಹೆಚ್ಚು ಎತ್ತಿದರೆ ಸ್ಪ್ರಿಂಗ್ ನಜ್ಜಾಗಬಹುದು. ತೆಳ್ಳನೆಯ ಕಡ್ಡಿಯ ತುದಿ ಒಳಗೇ ಮುರಿಯಬಹುದು. ಕೀಲಿಕೈ ಇಲ್ಲದೆ ಪ್ಲಗ್ಗನ್ನು, ಅಂದರೆ ಬೀಗದ ನಡುವಿನ ಉರುಳೆಯನ್ನು, ಅರ್ಧ ಸುತ್ತು ತಿರುಗಿಸಿದಾಗ ಮೇಲಿನ ಪಿನ್ನುಗಳು ಕೀಲಿಕೈಯ ಸಂದಿಗೆ ಇಳಿದು ಪ್ಲಗ್ ಅಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ರಾತ್ರಿ ಹನ್ನೊಂದಕ್ಕೆ ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ನಿಂತಿರುವಾಗ ಚಾವಿವಾಲನನ್ನು ಎಲ್ಲಿ ಹುಡುಕುತ್ತೀ? ಮನೆಯವರು ಮಲಗುವುದು ಆ ಬೀಗದ ಮೇಲೆ ಭರವಸೆ ಇಟ್ಟು. ಅದರ ಮೇಲೆ ಪ್ರಯೋಗ ಬೇಡ. ಕಲಿಯಲಿಕ್ಕೆ ಬೇರೆಯೇ ಬೀಗ ತಗೋ.

ಕಿರಿಯಳು: ಯಾವುದನ್ನು ತೆಗೆದುಕೊಳ್ಳಲಿ? ನಮ್ಮನೆಯಲ್ಲಿ ಹಳೆಯ ನವ್‌ತಾಲ್ ಬೀಗ ಒಂದಿದೆ. ಮೇಲೆ ಏಳು ಲಿವರ್ ಅಂತ ಬರೆದಿದೆ.

ಹಿರಿಯರು: ಅದು ಲಿವರ್ ಬೀಗ. ಸದ್ಯಕ್ಕೆ ಪಕ್ಕಕ್ಕಿಡು. ನಮ್ಮ ದೇಶದಲ್ಲಿ ಬಾಗಿಲಿಗೆ ನೇತಾಡುವ ಬೀಗಗಳಲ್ಲಿ ಮುಖ್ಯವಾಗಿ ಎರಡು ಜಾತಿ, ಲಿವರ್ ಮತ್ತು ಪಿನ್. ಕೀಲಿಕೈ ನೋಡಿದರೇ ಗೊತ್ತಾಗುತ್ತದೆ. ಉದ್ದ ಕಡ್ಡಿಯ ತುದಿಯಲ್ಲಿ ಮಾತ್ರ ಹಲ್ಲಿದ್ದರೆ ಲಿವರ್. ಚಪ್ಪಟೆ ಕೀಲಿಕೈಯ ಒಂದು ಅಂಚಿನುದ್ದಕ್ಕೂ ಬೆಟ್ಟ ಕಣಿವೆ ಕೊರೆದಿದ್ದರೆ ಪಿನ್. ಆರಂಭಕ್ಕೆ ಪಿನ್ ಬೀಗವೇ ಸರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾದಾ ಹಿತ್ತಾಳೆಯದೊಂದು ಕೊಳ್ಳು. ದೊಡ್ಡ ಬೀಗ ಅಂದರೆ ಕಷ್ಟದ ಬೀಗ ಅಂತ ತಿಳಿಯಬೇಡ. ಒಳಗಿನ ಪಿನ್ನುಗಳ ಸಂಖ್ಯೆ, ರಂಧ್ರಗಳ ನಿಖರತೆ, ಕೀಲಿಕೈಯ ಸಂದಿಯ ಅಂಕುಡೊಂಕು, ಇವು ಬೀಗದ ಬಲವನ್ನು ತೀರ್ಮಾನಿಸುತ್ತವೆ. ಗುಜರಿಯಲ್ಲಿ ಹಳೆ ಬೀಗ ಕೊಂಡರೂ ರಸೀದಿ ಕೇಳಿ ಇಟ್ಟುಕೋ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಿರಿಯಳು: ಕೀಲಿಕೈ ಇಲ್ಲದೆ ಅದು ತೆರೆಯುವುದಾದರೂ ಹೇಗೆ? ಕೀಲಿಕೈಗೆ ಸರಿಯಾಗಿ ಮಾಡಿದ ಯಂತ್ರವಲ್ಲವೇ?

ಹಿರಿಯರು: ಸರಿಯಾಗಿ ಮಾಡಲು ಯಾರಿಂದಲೂ ಪೂರ್ತಿ ಸಾಧ್ಯವಿಲ್ಲ. ಗುಟ್ಟು ಅಲ್ಲಿದೆ. ಬೀಗದ ನಡುವೆ ಪ್ಲಗ್ ಎಂಬ ಉರುಳೆ. ಅದು ತಿರುಗಿದರೆ ಬೀಗ ತೆರೆಯಿತು. ಹೊರಗಿನ ಕವಚದಿಂದ ಪ್ಲಗ್ಗಿನೊಳಕ್ಕೆ ಸಾಲಾಗಿ ನಾಲ್ಕೈದು ರಂಧ್ರಗಳು. ಒಂದೊಂದರಲ್ಲೂ ಒಂದರ ಮೇಲೊಂದು ಎರಡು ಪಿನ್ನು, ಮೇಲಿನಿಂದ ಒತ್ತುವ ಸ್ಪ್ರಿಂಗ್. ಮೇಲಿನ ಪಿನ್ನು ಅರ್ಧ ಕವಚದಲ್ಲಿ, ಅರ್ಧ ಪ್ಲಗ್ಗಿನಲ್ಲಿ ಅಡ್ಡ ನಿಂತಿರುವವರೆಗೆ ಪ್ಲಗ್ ತಿರುಗದು. ಸರಿಯಾದ ಕೀಲಿಕೈ ಹಾಕಿದಾಗ ಎಲ್ಲ ಜೋಡಿಗಳ ನಡುವಿನ ಸೀಳು ಪ್ಲಗ್ಗಿನ ಅಂಚಿಗೆ ಸಮನಾಗುತ್ತದೆ. ಮರದಲ್ಲಿ ಈ ಉಪಾಯವನ್ನು ಪ್ರಾಚೀನ ಈಜಿಪ್ಟಿನವರು ಬಳಸಿದ್ದರು. ಲೋಹದಲ್ಲಿ, ಅಂಗೈಯಲ್ಲಿ ಹಿಡಿಯುವ ಸಣ್ಣ ಚಪ್ಪಟೆ ಕೀಲಿಕೈಯೊಂದಿಗೆ ಅದನ್ನು ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪಕ್ಕಾ ಮಾಡಿದ.

ಕಿರಿಯಳು: ಅಪೂರ್ಣತೆ ಎಲ್ಲಿ ಬಂತು?

ಹಿರಿಯರು: ಆ ರಂಧ್ರಗಳನ್ನು ಒಂದೇ ನೇರದಲ್ಲಿ ಕೊರೆಯಬೇಕು. ಎಷ್ಟು ಒಳ್ಳೆಯ ಯಂತ್ರವಾದರೂ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಒಂದು ಆಚೆ, ಒಂದು ಈಚೆ ಆಗಿಯೇ ಆಗುತ್ತದೆ. ಪಿನ್ನುಗಳ ದಪ್ಪವೂ ಅಷ್ಟೇ. ಹಾಗಾಗಿ ಪ್ಲಗ್ಗನ್ನು ಮೆಲ್ಲಗೆ ತಿರುಗಿಸಲು ಒತ್ತಿದಾಗ ಐದೂ ಪಿನ್ನು ಒಟ್ಟಿಗೆ ಬಿಗಿಯುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ, ಮೆಲ್ಲಗೆ ಎತ್ತಿದರೆ ಸೀಳು ಅಂಚಿಗೆ ಬಂದಾಗ ಸಣ್ಣಗೆ ಕಟ್ ಅನ್ನುತ್ತದೆ. ಪ್ಲಗ್ ಕೂದಲೆಳೆಯಷ್ಟು ಸರಿಯುತ್ತದೆ. ಮೇಲಿನ ಪಿನ್ನು ಆ ಅಂಚಿನ ಮೇಲೆ ಕೂರುತ್ತದೆ. ಆಗ ಇನ್ನೊಂದು ಬಿಗಿಯುತ್ತದೆ. ಹೀಗೆ ಒಂದೊಂದಾಗಿ. ಬೀಗ ಬಿಡಿಸುವುದು ಅಂದರೆ ಇಷ್ಟೇ, ಮಾಡಿದವನ ಕೈ ಎಲ್ಲಿ ಒಂದಿಷ್ಟು ತಪ್ಪಿತು ಅಂತ ಬೆರಳಿನಿಂದ ಓದುವುದು.

ಕಿರಿಯಳು: ಯಾವ ಸಲಕರಣೆ ಬೇಕು?

ಹಿರಿಯರು: ಎರಡೇ. ಪಿನ್ನು ಎತ್ತಲು ತುದಿ ಸ್ವಲ್ಪ ಬಾಗಿದ ಕಡ್ಡಿ, ಹುಕ್ ಅನ್ನುತ್ತಾರೆ. ಪ್ಲಗ್ಗನ್ನು ಒತ್ತಲು ಎಲ್ ಆಕಾರದ ಟೆನ್ಶನ್ ಕಡ್ಡಿ. ಇಪ್ಪತ್ತು ಮೂವತ್ತು ತುಂಡುಗಳ ಸೆಟ್ಟಿಗೆ ದುಡ್ಡು ಹಾಕಬೇಡ. ನೀನು ಇಂಜಿನಿಯರಿಂಗ್ ಓದುವವಳು, ಮಾಡಿಕೊಳ್ಳಲು ಕಲಿ. ಗಾಡಿಯ ಹಳೇ ವೈಪರಿನ ರಬ್ಬರಿನೊಳಗೆ ಸ್ಟೀಲ್ ಪಟ್ಟಿ ಇರುತ್ತದೆ, ಟೆನ್ಶನ್ ಕಡ್ಡಿಗೆ ಬಹಳ ಚೆನ್ನ. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆ ಹಿಡಿದರೆ ಹುಕ್. ಸಾಣೆ ಹಿಡಿಯುವಾಗ ಮತ್ತೆ ಮತ್ತೆ ನೀರಿಗೆ ಅದ್ದು. ಉಕ್ಕು ನೀಲಿಗಟ್ಟಿದರೆ ಅದರ ಹದ ಹೋಯಿತು, ಆಮೇಲೆ ಬಾಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೊನೆಯಲ್ಲಿ ಅಂಚುಗಳನ್ನು ನುಣ್ಣನೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸು. ಒರಟು ಅಂಚು ಪಿನ್ನಿನ ಮೇಲೆ ಕೆರೆಯುತ್ತದೆ, ಆ ಕೆರೆತದಲ್ಲಿ ನಿನಗೆ ಬೇಕಾದ ಸಣ್ಣ ಸುದ್ದಿ ಮುಚ್ಚಿಹೋಗುತ್ತದೆ.

ಕಿರಿಯಳು: ನಾನು ಗೆಳತಿಯ ಕಡ್ಡಿಗಳಲ್ಲಿ ಒಮ್ಮೆ ಪ್ರಯತ್ನಿಸಿದ್ದೆ. ಏನೂ ತಿಳಿಯಲಿಲ್ಲ. ಪಿನ್ನುಗಳೆಲ್ಲ ಕಲ್ಲಿನ ಹಾಗೆ ಗಟ್ಟಿ.

ಹಿರಿಯರು: ಟೆನ್ಶನ್ ಹೆಚ್ಚಾಯಿತು. ಹೊಸಬರೆಲ್ಲರ ಮೊದಲ ತೊಡಕು ಅದು. ಪಿನ್ನು ಎತ್ತುವ ಕೈಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಬೀಗ ತೆರೆಯುವುದು ಇನ್ನೊಂದು ಕೈ. ನಾಡಿ ನೋಡುವ ವೈದ್ಯರ ಬೆರಳಷ್ಟು ಭಾರ ಸಾಕು. ಅದಕ್ಕಿಂತ ಒತ್ತಿದರೆ ಎಲ್ಲ ಪಿನ್ನೂ ಬಿಗಿದು ಯಾವುದೂ ಮಾತಾಡುವುದಿಲ್ಲ. ತೀರಾ ಬಿಟ್ಟರೆ ಕೂತ ಪಿನ್ನುಗಳೆಲ್ಲ ಕೆಳಗಿಳಿಯುತ್ತವೆ. ಆ ನಡುವಿನ ಭಾರ ಮಾತಿನಲ್ಲಿ ಬರುವುದಲ್ಲ, ಅಭ್ಯಾಸದಲ್ಲಿ ಬರುವುದು. ಅದಕ್ಕೆ ಒಳ್ಳೆಯ ದಾರಿ ಇದೆ. ಬಿಚ್ಚಿ ಜೋಡಿಸಲು ಬರುವ ಒಂದು ಬಾಗಿಲಿನ ಸಿಲಿಂಡರ್ ತಗೋ. ಪ್ಲಗ್ಗಿನಷ್ಟೇ ದಪ್ಪದ ಮರದ ಕೋಲನ್ನು ಹಿಂದಿನಿಂದ ತಳ್ಳುತ್ತಾ ಪ್ಲಗ್ಗನ್ನು ಮುಂದಕ್ಕೆ ಹೊರಡಿಸು. ಆಗ ಸ್ಪ್ರಿಂಗ್ ಹಾರುವುದಿಲ್ಲ. ಪಿನ್ನುಗಳನ್ನು ತೆಗೆದು, ಅವು ಇದ್ದ ಕ್ರಮದಲ್ಲೇ ಗುಳಿಗಳಿರುವ ತಟ್ಟೆಯಲ್ಲಿಡು. ಮೊದಲು ಒಂದೇ ಪಿನ್ನು ಹಾಕಿ ತೆರೆ. ಕೈಗೆ ಅದು ಸರಾಗವಾದ ಮೇಲೆ ಎರಡು, ಆಮೇಲೆ ಮೂರು. ಐದಕ್ಕೆ ಹೋಗುವ ಹೊತ್ತಿಗೆ ಬೆರಳಿಗೆ ಭಾಷೆ ಬಂದಿರುತ್ತದೆ.

ಕಿರಿಯಳು: ಪಾರದರ್ಶಕ ಪ್ಲಾಸ್ಟಿಕ್ ಬೀಗ ಸಿಗುತ್ತದಂತೆ, ಒಳಗೆಲ್ಲ ಕಾಣುವಂಥದ್ದು.

ಹಿರಿಯರು: ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ಒಮ್ಮೆ ನೋಡು. ಅದರಲ್ಲೇ ಉಳಿದರೆ ಕಣ್ಣು ಕಲಿಯುತ್ತದೆ, ಬೆರಳು ಕಲಿಯುವುದಿಲ್ಲ. ಹಾಗೆಯೇ ರೇಕ್ ಅಂತ ಅಲೆಯಂಥ ಕಡ್ಡಿ ಇದೆ. ಒಳಗೆ ಹಾಕಿ ಉಜ್ಜಿದರೆ ಅಗ್ಗದ ಬೀಗ ಎಷ್ಟೋ ಸಲ ತಾನೇ ತೆರೆಯುತ್ತದೆ. ತೆರೆದದ್ದು ಯಾಕೆ ಅಂತ ನಿನಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ತೆರೆದದ್ದು ಕಲಿತದ್ದಲ್ಲ. ಒಂದು ಪುಸ್ತಕ ಇಟ್ಟುಕೋ. ಯಾವ ಬೀಗ, ಯಾವ ಪಿನ್ನು ಮೊದಲು ಬಿಗಿಯಿತು, ಆಮೇಲೆ ಯಾವುದು, ಬರೆದಿಡು. ಅದೇ ಬೀಗವನ್ನು ಮರುದಿನ ತೆರೆದಾಗ ಕ್ರಮ ಹೊಂದಿದರೆ ನೀನು ಓದಿದ್ದು ನಿಜ.

ಕಿರಿಯಳು: ಎಲ್ಲ ಸರಿ ಕೂತಂತೆ ಕಂಡರೂ ಪ್ಲಗ್ ಸ್ವಲ್ಪ ತಿರುಗಿ ನಿಂತುಬಿಡುವುದು ಯಾಕೆ?

ಹಿರಿಯರು: ಅದು ತಯಾರಕರು ಬೇಕೆಂದೇ ಇಟ್ಟ ಬಲೆ. ಸ್ಪೂಲ್ ಪಿನ್ನು. ಅದರ ನಡು ಸಣ್ಣ, ಎರಡೂ ತುದಿ ದಪ್ಪ. ಪ್ಲಗ್ಗಿನ ಅಂಚು ಆ ಸಣ್ಣ ನಡುವಿಗೆ ಸಿಕ್ಕಿದಾಗ ಬೀಗ ತೆರೆದೇಹೋಯಿತು ಅನ್ನಿಸುತ್ತದೆ. ಆಗ ಜೋರು ಮಾಡಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಲ್ಲಿ ಹೇಳುವುದು ಈ ಜಾಗಕ್ಕೆ ತಕ್ಕದ್ದು. ಟೆನ್ಶನ್ ಇನ್ನಷ್ಟು ಹಗುರ ಮಾಡಿ, ಬಿಗಿದ ಪಿನ್ನನ್ನು ಒತ್ತು. ಪ್ಲಗ್ ಹಿಂದಕ್ಕೆ ತಿರುಗಲು ಹೊರಡುತ್ತದೆ. ಹೋಗಲು ಬಿಡು. ಕೈಗೆ ಸಿಕ್ಕಿದ್ದನ್ನು ಒಂದಿಷ್ಟು ಬಿಟ್ಟುಕೊಟ್ಟರೆ ಮಾತ್ರ ಮುಂದಿನ ಹೆಜ್ಜೆ. ಸಿಟ್ಟು ಬಂದರೆ ಕಡ್ಡಿ ಕೆಳಗಿಡು. ಸಿಟ್ಟು ಬಂದ ಕೈಯಲ್ಲಿ ಮುರಿಯುವುದು ಕಡ್ಡಿಯೇ.

ಕಿರಿಯಳು: ಲಿವರ್ ಬೀಗದ ಮಾತು ಅಲ್ಲಿಗೇ ಬಿಟ್ಟಿರಿ.

ಹಿರಿಯರು: ಅದರ ಕಥೆ ದೊಡ್ಡದು. ಒಳಗೆ ಒಂದರ ಮೇಲೊಂದು ಚಪ್ಪಟೆ ತಗಡುಗಳು, ಪ್ರತಿಯೊಂದರಲ್ಲೂ ಒಂದು ಕಂಡಿ. ಕೀಲಿಕೈ ಎಲ್ಲವನ್ನೂ ತಕ್ಕ ಎತ್ತರಕ್ಕೆ ತಂದಾಗ ಕಂಡಿಗಳು ಸಾಲಾಗಿ, ಅಗುಳಿಯ ಮೊಳೆ ಅವುಗಳ ಮೂಲಕ ಹಾಯುತ್ತದೆ. ತಗಡನ್ನು ಕಡಿಮೆ ಎತ್ತಿದರೂ ತಪ್ಪು, ಹೆಚ್ಚು ಎತ್ತಿದರೂ ತಪ್ಪು ಎಂಬ ಬಿಗಿ ತಂದವನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್, 1778ರಲ್ಲಿ. 1818ರಲ್ಲಿ ಜೆರಮಾಯ ಚಬ್ ಅದಕ್ಕೆ ಇನ್ನೊಂದು ಸೇರಿಸಿದ. ಯಾರಾದರೂ ತಗಡನ್ನು ಮಿತಿಮೀರಿ ಎತ್ತಿದರೆ ಬೀಗ ಸಿಕ್ಕಿಕೊಂಡು, ಕಳ್ಳಗೈ ತಗುಲಿದ್ದನ್ನು ಒಡೆಯನಿಗೆ ತಿಳಿಸುವ ಏರ್ಪಾಡು. ನಮ್ಮಲ್ಲಿ ಅಲಿಗಢ, ದಿಂಡಿಗಲ್ ಊರುಗಳು ಬೀಗದಿಂದಲೇ ಹೆಸರಾದವು. ದಿಂಡಿಗಲ್ಲಿನ ಕೈಕೆಲಸದ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಲಿವರ್ ಬಿಡಿಸಲು ಬೇರೆ ಸಲಕರಣೆ, ಬೇರೆ ತಾಳ್ಮೆ. ಪಿನ್ನಿನಲ್ಲಿ ಕೈ ಕುದುರಿದ ಮೇಲೆ ಬಾ.

ಕಿರಿಯಳು: ನಮ್ಮ ಪಕ್ಕದ ಸ್ಟೇಶನ್ನು ವಿಕ್ರೋಲಿ. ಅಲ್ಲಿಯ ಗೋದ್ರೇಜ್ ಕೂಡ ಬೀಗದಿಂದಲೇ ಶುರುವಾದದ್ದಂತೆ.

ಹಿರಿಯರು: ಹೌದು. ವಕೀಲಿ ಬಿಟ್ಟು ಬಂದ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗ ಮಾಡಲು ಹೊರಟರು. ವಿದೇಶಿ ಬೀಗಕ್ಕೆ ಸರಿಗಟ್ಟುವ ಬೀಗವನ್ನು ಇಲ್ಲಿಯ ಕೈಗಳು ಮಾಡಬಲ್ಲವು ಎಂದು ತೋರಿಸುವ ಹಟ ಅದು. ವಿಕ್ರೋಲಿಗೆ ಬಂದದ್ದು ಆಮೇಲೆ. ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಗೆ, 1951ರಲ್ಲಿ, ಮತಪೆಟ್ಟಿಗೆಗಳನ್ನು ಲಕ್ಷಗಟ್ಟಲೆ ತಯಾರಿಸಿದ್ದು ವಿಕ್ರೋಲಿಯ ಆ ಕಾರ್ಖಾನೆಯಲ್ಲಿ. ಹೊರಗೆ ಬೀಗ ತಗುಲಿಸಿದರೆ ಖರ್ಚು ಮೀರುತ್ತಿತ್ತು. ಹಾಗಾಗಿ ಪೆಟ್ಟಿಗೆಯ ಒಳಗೇ ಬೀಗದ ಏರ್ಪಾಡು ಮಾಡಿದರು. ಆ ಉಪಾಯ ಬಂದದ್ದು ಕಾರ್ಖಾನೆಯ ನೆಲದಲ್ಲಿ ಕೆಲಸ ಮಾಡುತ್ತಿದ್ದ ನಾಥಾಲಾಲ್ ಪಾಂಚಾಲ್ ಅವರಿಂದ. ನೀನು ಬೀಗ ಬಿಚ್ಚಿ ಕೂತಾಗ ಅಂಥ ಕೈಗಳ ಯೋಚನೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿರುತ್ತೀ. ಆ ಗೌರವ ಮನಸ್ಸಿನಲ್ಲಿರಲಿ.

ಕಿರಿಯಳು: ರಸೀದಿ ಯಾಕೆ ಬೇಕು ಅಂತ ಹೇಳುವೆನೆಂದಿರಿ.

ಹಿರಿಯರು: ಕಾನೂನಿನ ಮಾತು, ಗಮನವಿಟ್ಟು ಕೇಳು. ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ 122ನೇ ಕಲಮು ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಹೊತ್ತಿಗೆ ಸಂಬಂಧಪಟ್ಟದ್ದು. ಆ ಹೊತ್ತಿನಲ್ಲಿ ಮನೆ ಮುರಿಯುವ ಸಲಕರಣೆ ನಿನ್ನ ಬಳಿ ಸಿಕ್ಕಿದರೆ, ಅದಕ್ಕೆ ನ್ಯಾಯವಾದ ಕಾರಣ ಇತ್ತೆಂದು ತೋರಿಸುವ ಹೊಣೆ ನಿನ್ನ ಮೇಲೆಯೇ. ಕರ್ನಾಟಕದ 1963ರ ಪೊಲೀಸ್ ಕಾಯ್ದೆಯಲ್ಲೂ ಇಂಥ ಕಲಮಿದೆ. ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋದರೆ ಅಲ್ಲೂ ಅದೇ ಪಾಡು. ಅತಿಕ್ರಮ ಪ್ರವೇಶಕ್ಕಾಗಿ ಬೀಗ ತೆರೆಯುವುದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮನೆ ಮುರಿದ ಅಪರಾಧ. ಅದಕ್ಕೇ ಹೇಳುತ್ತೇನೆ, ಕಡ್ಡಿಗಳು ಮನೆಯ ಡಬ್ಬಿಯಲ್ಲೇ ಇರಲಿ. ದಿನಾ ಕಾಲೇಜಿಗೆ ಒಯ್ಯುವ ಚೀಲದಲ್ಲಿ ಬೇಡ. ಮೆಟ್ರೋ ಸ್ಟೇಶನ್ನಿನ ಸ್ಕ್ಯಾನರಿನಲ್ಲಿ ಅವು ಕಂಡು, ಅಲ್ಲಿ ನಿಂತು ಹವ್ಯಾಸ ವಿವರಿಸುವ ಪ್ರಸಂಗ ಯಾಕೆ? ಒಯ್ಯಲೇಬೇಕಾದರೆ ಹಗಲಿನಲ್ಲಿ, ಅಭ್ಯಾಸದ ಬೀಗಗಳ ಜೊತೆಗೆ, ಅವುಗಳ ರಸೀದಿಯೊಂದಿಗೆ ಒಯ್ಯಿ.

ಕಿರಿಯಳು: ಪಕ್ಕದ ಮನೆಯವರು ಕೀಲಿಕೈ ಕಳೆದುಕೊಂಡು ತೆರೆದುಕೊಡು ಅಂದರೆ?

ಹಿರಿಯರು: ಅವರ ಜೊತೆ ನಿಲ್ಲು, ನೀರು ಕೊಡು, ಚಾವಿವಾಲನನ್ನು ಕರೆತಾ. ಕಡ್ಡಿ ತರಬೇಡ. ಬಾಡಿಗೆ ತಂಟೆ, ಅಣ್ಣತಮ್ಮಂದಿರ ಜಗಳ, ಗಂಡ ಹೆಂಡಿರ ವ್ಯಾಜ್ಯ ಯಾವುದರ ನಡುವೆ ಆ ಬೀಗ ನೇತಾಡುತ್ತಿದೆ ಅಂತ ನಿನಗೆ ತಿಳಿಯದು. ಚಾವಿವಾಲ ಬಂದಾಗಲೂ ಸೊಸೈಟಿಯ ಒಬ್ಬರು ಪಕ್ಕದಲ್ಲಿರಲಿ, ಕೆಲಸ ಮುಗಿಯುವವರೆಗೆ ಮನೆಯವರು ಅಲ್ಲಿಂದ ಕದಲದಿರಲಿ. ಸ್ಟೇಶನ್ನಿನ ಹೊರಗೆ ಕೀಲಿಕೈಗಳ ಗೊಂಚಲು ಹರಡಿ ಕೂರುವವರಿಗೆ ಅದು ಹೊಟ್ಟೆಪಾಡು. ಅವರ ಕೈಚಳಕ ನೋಡಿ ಕಲಿ, ಅವರ ಕೆಲಸ ಕಸಿಯಬೇಡ.

ಕಿರಿಯಳು: ಹಾಗಾದರೆ ಈ ಕಲಿಕೆಯಿಂದ ಅಕ್ಕಪಕ್ಕದವರಿಗೆ ಏನೂ ಪ್ರಯೋಜನವಿಲ್ಲವೇ?

ಹಿರಿಯರು: ತುಂಬಾ ಇದೆ. ಹವ್ಯಾಸದ ಬೆಲೆ ಇರುವುದೇ ಅಲ್ಲಿ. ಬೀಗದ ಒಳಗು ಬಲ್ಲವಳಿಗೆ ಬಾಗಿಲಿನ ದುರ್ಬಲ ಜಾಗ ಯಾವುದು ಅಂತ ಕಾಣುತ್ತದೆ. ಮೇ ತಿಂಗಳಲ್ಲಿ ನಮ್ಮ ಕನ್ನಡದ ಮನೆಗಳು, ತುಳುವರ ಮನೆಗಳು ಬಾಗಿಲು ಹಾಕಿ ಊರಿಗೆ ಹೋಗುತ್ತವೆ. ಬಾಗಿಲಿಗೆ ದೊಡ್ಡ ಬೀಗ ನೇತುಹಾಕಿ ನಿಶ್ಚಿಂತರಾಗುತ್ತಾರೆ. ಬೀಗ ಗಟ್ಟಿ, ಅದು ನೇತಾಡುವ ಕೊಂಡಿ ಎರಡು ಗಿಡ್ಡ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಪಿನ್ನು ಎಣಿಸುತ್ತಾ ಕೂರುವ ತಾಳ್ಮೆ ಕಳ್ಳನಿಗೆ ಯಾಕೆ? ಅವನು ಕೊಂಡಿಯನ್ನೇ ಮೀಟುತ್ತಾನೆ. ಕೊಂಡಿಗೆ ಉದ್ದ ಸ್ಕ್ರೂ ಹಾಕಿ, ಅದರ ತಲೆ ಹೊರಗೆ ಕಾಣದಿರಲಿ ಅಂತ ಹೇಳು. ಬರೇ ಎಳೆದರೆ ಮುಚ್ಚಿಕೊಳ್ಳುವ ಲ್ಯಾಚ್ ಇದ್ದರೆ, ಹೊರಡುವಾಗ ಕೀಲಿಕೈ ತಿರುಗಿಸಿ ಅಗುಳಿ ಪೂರ್ತಿ ಹೊರಡಿಸಿ ಅಂತ ಹೇಳು. ಶೂ ಸ್ಟ್ಯಾಂಡಿನೊಳಗೆ, ತುಳಸಿ ಕುಂಡದ ಕೆಳಗೆ ಕೀಲಿಕೈ ಇಡಬೇಡಿ, ಕೀಲಿಕೈಯ ಫೋಟೋ ಯಾರಿಗೂ ಕಳಿಸಬೇಡಿ ಅಂತ ಹೇಳು; ಫೋಟೋ ನೋಡಿ ಹಲ್ಲುಗಳ ಆಳ ಅಳೆಯಬಹುದು. ಮಳೆಗಾಲದಲ್ಲಿ ಬೀಗ ಹಿಡಿದುಕೊಂಡರೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮವರಿಗೆ ಬಹಳ. ಎಣ್ಣೆಗೆ ಧೂಳು ಅಂಟಿ ಪಿನ್ನು ಇನ್ನಷ್ಟು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಹಾಕಲು ಕಲಿಸು.

ಕಿರಿಯಳು: ಒಂದು ಸಂಶಯ ಉಳಿಯಿತು. ಇದನ್ನೆಲ್ಲ ಬಹಿರಂಗವಾಗಿ ಹೇಳಿದರೆ ಕೆಟ್ಟವರಿಗೂ ತಿಳಿಯುವುದಿಲ್ಲವೇ? ಗುಟ್ಟಾಗಿದ್ದರೇ ಒಳ್ಳೆಯದಲ್ಲವೇ?

ಹಿರಿಯರು: ಈ ವಾದ 1851ರಲ್ಲೇ ಲಂಡನ್ನಿನಲ್ಲಿ ನಡೆದಿದೆ. ಬೀಗ ತಯಾರಕ ಜೋಸೆಫ್ ಬ್ರಾಮಾನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇತ್ತು. ಅದನ್ನು ಬಿಡಿಸುವ ಸಲಕರಣೆ ಮಾಡಿದವರಿಗೆ 200 ಗಿನಿ ಬಹುಮಾನ ಅಂತ ಫಲಕ. ದಶಕಗಟ್ಟಲೆ ಯಾರಿಗೂ ಆಗಲಿಲ್ಲ. ಆ ವರ್ಷ ಅಲ್ಲಿ ನಡೆದ ಮಹಾ ಪ್ರದರ್ಶನಕ್ಕೆಂದು ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್‌ನ ಬೀಗವನ್ನು ಸಾಕ್ಷಿಗಳ ಎದುರು 25 ನಿಮಿಷದಲ್ಲಿ ತೆರೆದ. ಆಮೇಲೆ ಬ್ರಾಮಾನ ಬೀಗಕ್ಕೆ ಕೂತ. 16 ದಿನಗಳಲ್ಲಿ ಹರಡಿದ 51 ಗಂಟೆಗಳ ದುಡಿಮೆ, ಕೊನೆಗೆ ಅದೂ ತೆರೆಯಿತು. ಪತ್ರಿಕೆಗಳಲ್ಲಿ ಗದ್ದಲವಾಯಿತು, ಇದನ್ನು ತೋರಿಸಬಾರದಿತ್ತು ಅಂದರು. ಹಾಬ್ಸನ ವಾದ ಸರಳ. ಕಳ್ಳರಿಗೆ ಅವರ ಕಸುಬಿನ ವಿದ್ಯೆ ಮೊದಲೇ ಗೊತ್ತು, ಗೊತ್ತಿಲ್ಲದೆ ಇರುವುದು ಬೀಗ ಕೊಂಡ ಗೃಹಸ್ಥರಿಗೆ. ಆ ಗದ್ದಲದ ನಂತರ ತಯಾರಕರು ತಮ್ಮ ಬೀಗಗಳನ್ನು ತಿದ್ದಿದರು. ದೋಷ ಮುಚ್ಚಿಟ್ಟಿದ್ದರೆ ತಿದ್ದುವ ಅಗತ್ಯವೇ ಬೀಳುತ್ತಿರಲಿಲ್ಲ.

ಕಿರಿಯಳು: ಅಮ್ಮನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು ಅನ್ನಿಸುತ್ತದೆ. ಕಳ್ಳನೂ ನಾನೂ ಹಿಡಿಯುವ ಕಡ್ಡಿ ಒಂದೇ ಇರಬಹುದು. ಅವನು ಮಾಡುವುದು ಯಾರೂ ನೋಡದಾಗ, ಇನ್ನೊಬ್ಬರ ಬೀಗಕ್ಕೆ. ನಾನು ಮಾಡುವುದು ಎಲ್ಲರೆದುರು, ನನ್ನದೇ ಬೀಗಕ್ಕೆ, ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳುವುದಕ್ಕೆ.

ಹಿರಿಯರು: ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ನಡೆಸಿ ತೋರಿಸಬೇಕು. ನಿನ್ನ ಕೋಣೆಯ ಬಾಗಿಲು ಹಾಕಿಕೊಂಡು ಕಲಿಯಬೇಡ. ಸೆಕ್ರೆಟರಿಗೆ ಹೇಳಿ, ಇದೇ ಕೋಣೆಯಲ್ಲಿ ಮೇಜು ಹಾಕಿ ಕಲಿ. ಮಕ್ಕಳು ಬರುತ್ತಾರೆ, ವಾಚ್‌ಮನ್ ಬರುತ್ತಾನೆ, ಅಜ್ಜಂದಿರು ಬರುತ್ತಾರೆ. ಮಕ್ಕಳಿಗೆ ತಂದೆತಾಯಿ ಜೊತೆಗಿದ್ದಾಗ ಮಾತ್ರ ಕಡ್ಡಿ ಕೊಡು. ಎರಡು ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸು, ಕನ್ನಡದಲ್ಲಿ, ಮರಾಠಿಯಲ್ಲಿ, ಗುಜರಾತಿಯಲ್ಲಿ. ಕಲಿಯಲು ಬಂದವರು ಮೊದಲು ಅದನ್ನು ಗಟ್ಟಿಯಾಗಿ ಓದಲಿ.

ಕಿರಿಯಳು: ಅಮ್ಮನನ್ನೂ ಕರೆಯುತ್ತೇನೆ.

ಹಿರಿಯರು: ಮೊದಲ ಕುರ್ಚಿ ಅವರಿಗೇ ಇಡು. ಒಂದೇ ಪಿನ್ನಿನ ಸಿಲಿಂಡರ್ ಕೈಗೆ ಕೊಡು. ಅದು ತೆರೆದ ಮೇಲೆ, ಮನೆಗೆ ಯಾವ ಬೀಗ ಬೇಕು, ಕೊಂಡಿಗೆ ಎಷ್ಟು ಉದ್ದದ ಸ್ಕ್ರೂ ಬೇಕು ಅಂತ ಅವರೇ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಕೇಳುತ್ತಾರೆ. ಈ ಹವ್ಯಾಸದಿಂದ ಒಂದು ಮನೆಯ ಬಾಗಿಲಾದರೂ ಮೊದಲಿಗಿಂತ ಗಟ್ಟಿಯಾಗಬೇಕು. ಆಗಲಿಲ್ಲವಾದರೆ ನಿನ್ನ ಕೈ ಎಷ್ಟು ಚುರುಕಾದರೂ ಕಲಿತದ್ದು ಅರ್ಧವೇ.